ಡಿಎಸ್‌ಸಿ ದೀರ್ಘ ಬಳಕೆಯ ನಂತರ: ಯಂತ್ರಕ್ಕಿಂತ ಪ್ಯಾನ್ ಮುಖ್ಯ

ಡಿಎಸ್‌ಸಿ (ಡಿಫರೆನ್ಶಿಯಲ್ ಸ್ಕ್ಯಾನಿಂಗ್ ಕೆಲೋರಿಮೀಟರ್) ಎಂದರೆ ವಸ್ತುವನ್ನು ಕಾಯಿಸುತ್ತಾ ಅದು ಹೀರುವ, ಬಿಡುವ ಶಾಖವನ್ನು ಗೆರೆಯಾಗಿ ದಾಖಲಿಸುವ ಯಂತ್ರ. ಇದರ ಹೀಟ್ ಫ್ಲಕ್ಸ್ ಮಾದರಿ ಪಾಲಿಮರ್ ಕೆಲಸಕ್ಕೆ ನೆಚ್ಚಬಹುದಾದ ಉಪಕರಣ. ಕೈಕೊಡುವುದು ಹೆಚ್ಚಾಗಿ ಯಂತ್ರವಲ್ಲ, ಸ್ಯಾಂಪಲ್ ಇಡುವ ಪುಟ್ಟ ಪ್ಯಾನ್. ಕ್ರಿಂಪ್ ಮಾಡುವಾಗ (ಮುಚ್ಚಳ ಒತ್ತಿ ಮುಚ್ಚುವಾಗ) ಅಲ್ಯೂಮಿನಿಯಂ ಪ್ಯಾನಿನ ತಳ ಕೂದಲೆಳೆಯಷ್ಟು ಉಬ್ಬಿದರೂ ಸೆನ್ಸರ್ ಮೇಲೆ ಸರಿಯಾಗಿ ಕೂರುವುದಿಲ್ಲ. ಗೆರೆಯಲ್ಲಿನ ಪೀಕ್ ಅಗಲವಾಗುತ್ತದೆ, ಕೆಲವೊಮ್ಮೆ ಒಂದು ಎರಡಾಗಿ ಒಡೆಯುತ್ತದೆ. ಅದನ್ನೇ ಎರಡು ಬಗೆಯ ಹರಳು ಎಂದು ಓದಿಬಿಟ್ಟರೆ ವರದಿಯೇ ತಪ್ಪು. ಪ್ಯಾನನ್ನು ಗಾಜಿನ ಸ್ಲೈಡ್ ಮೇಲಿಟ್ಟು ಚಿಮುಟದ ತುದಿಯಿಂದ ಅಂಚು ಒತ್ತಿ. ಅಲುಗಾಡಿದರೆ ಹೊಸದು ತಗೊಳ್ಳಿ.

ಸ್ಯಾಂಪಲ್ 5ರಿಂದ 10 ಮಿ.ಗ್ರಾಂ ಸಾಕು, ಆದರೆ ತೆಳ್ಳಗೆ, ಚಪ್ಪಟೆಯಾಗಿ ತಳಕ್ಕೆ ಅಂಟಿಕೊಂಡಿರಬೇಕು. 5 ಮಿ.ಗ್ರಾಂನಲ್ಲಿ 0.1 ಮಿ.ಗ್ರಾಂ ತೂಕ ತಪ್ಪಿದರೆ ಎಂಥಾಲ್ಪಿ (ಪ್ರತಿ ಗ್ರಾಂಗೆ ಹೀರಿದ ಅಥವಾ ಬಿಟ್ಟ ಶಾಖ) 2% ತಪ್ಪುತ್ತದೆ.

ಕ್ಯಾಲಿಬ್ರೇಶನ್‌ಗೆ ಇಂಡಿಯಂ ಲೋಹ: ಆನ್‌ಸೆಟ್ (ಕರಗಲು ಶುರುವಾಗುವ ತಾಪಮಾನ) 156.6 °ಸೆ, ಎಂಥಾಲ್ಪಿ ಸುಮಾರು 28.5 ಜೌಲ್/ಗ್ರಾಂ. ಪೀಕಿನ ತುದಿ ತೂಕ, ಕಾಯಿಸುವ ವೇಗ ಎರಡಕ್ಕೂ ಜರುಗುವುದರಿಂದ ಆನ್‌ಸೆಟ್ಟನ್ನೇ ನೋಡಿ. ನಿಮಿಷಕ್ಕೆ 10 °ಸೆಯಲ್ಲಿ ಕ್ಯಾಲಿಬ್ರೇಟ್ ಮಾಡಿ 20ರಲ್ಲಿ ಓಡಿಸುವುದು ಬೇಡ. ಪ್ಯಾನ್ ಕೂರುವ ಸೆಲ್ಲಿನಲ್ಲಿ ಹರಿಸುವ ಅನಿಲ ನೈಟ್ರೋಜನ್ ಬಿಟ್ಟು ಹೀಲಿಯಂಗೆ ಹೋದರೂ ಮತ್ತೆ ಮಾಡಲೇಬೇಕು.

ಉಪಕರಣದ ನಿಜವಾದ ಸೊಗಸು ಪಿಇಟಿಯಲ್ಲಿ (ನೀರಿನ ಬಾಟಲಿಯ ಪ್ಲಾಸ್ಟಿಕ್) ಕಾಣುತ್ತದೆ. ಬೇಗ ತಣಿಸಿದ ತುಂಡನ್ನು ಕಾಯಿಸಿದರೆ 75 °ಸೆ ಆಸುಪಾಸು ಗ್ಲಾಸ್ ಟ್ರಾನ್ಸಿಶನ್ನಿನ (ಗಾಜಿನಂತೆ ಗಡಸಾದದ್ದು ಮೆದುವಾಗುವ ಹಂತ) ಮೆಟ್ಟಿಲು, 130ರ ಹತ್ತಿರ ಶಾಖ ಹೊರಬಿಡುವ ಕೋಲ್ಡ್ ಕ್ರಿಸ್ಟಲೈಸೇಶನ್ (ಕಾಯಿಸುವಾಗಲೇ ಹರಳುಗಟ್ಟುವುದು), 250ರ ಸುತ್ತ ಕರಗುವ ಪೀಕ್, ಮೂರೂ ಒಂದೇ ಗೆರೆಯಲ್ಲಿ. ಸ್ಫಟಿಕಾಂಶ ಲೆಕ್ಕ ಹಾಕುವಾಗ ಕರಗುವ ಎಂಥಾಲ್ಪಿಯಿಂದ ನಡುವಿನ ಪೀಕನ್ನು ಕಳೆದು, ಆಮೇಲೆ ಪೂರ್ತಿ ಹರಳಾದ ಪಿಇಟಿಯ 140 ಜೌಲ್/ಗ್ರಾಂನಿಂದ ಭಾಗಿಸಿ. ಕಳೆಯುವುದು ಮರೆತರೆ, ಪ್ಯಾನಿನೊಳಗೇ ಹುಟ್ಟಿದ ಹರಳೂ ಲೆಕ್ಕಕ್ಕೆ ಸೇರಿಬಿಡುತ್ತದೆ. ಮೊದಲ ಹೀಟಿಂಗನ್ನು ದಯವಿಟ್ಟು ಎಸೆಯಬೇಡಿ: ವಸ್ತುವನ್ನು ಹೇಗೆ ಅಚ್ಚು ಹಾಕಿ ತಣಿಸಿದರು ಎಂಬುದೆಲ್ಲ ಅದರಲ್ಲೇ ಇದೆ. ಎರಡನೆಯದು ಆ ಚರಿತ್ರೆ ಅಳಿಸಿದ ಮೇಲಿನ ಹೋಲಿಕೆಗೆ.

ನೈಲಾನ್ ಒಣಗಿಸದೆ ಹಾಕಿದರೆ ನೀರು ಆವಿಯಾಗುವ ಅಗಲ ಉಬ್ಬಿನಡಿ ಗ್ಲಾಸ್ ಟ್ರಾನ್ಸಿಶನ್ ಹೂತುಹೋಗುತ್ತದೆ. ಹೊಸ ವಸ್ತುವಿಗೆ ಮೊದಲು ಟಿಜಿಎ (ಕಾಯಿಸುವಾಗ ತೂಕ ಇಳಿಯುವುದನ್ನು ಅಳೆಯುವ ಪರೀಕ್ಷೆ) ಮಾಡಿ, ವಿಘಟನೆಯ ತಾಪಮಾನಕ್ಕಿಂತ ಸಾಕಷ್ಟು ಕೆಳಗೇ ನಿಲ್ಲಿಸಿ. ಪಿವಿಸಿ ಬಿಡುವ ಹೈಡ್ರೋಜನ್ ಕ್ಲೋರೈಡ್ ಸೆಲ್ಲನ್ನೇ ತಿನ್ನುತ್ತದೆ. ಅಲ್ಯೂಮಿನಿಯಂ 660ರಲ್ಲಿ ಕರಗುತ್ತದೆ, 600 ದಾಟಿಸಬೇಡಿ.

ಕೂಲರ್ ಓಡುತ್ತಿರುವಾಗ ಸೆಲ್ ತಣ್ಣಗಿದ್ದರೆ ಮುಚ್ಚಳ ತೆಗೆಯಲೇಬಾರದು. ಗಾಳಿಯ ತೇವ ಒಳಗೆ ಹಿಮಗಟ್ಟಿ, ಮುಂದಿನ ಪ್ರತಿ ಗೆರೆಯಲ್ಲೂ 0 °ಸೆ ಬಳಿ ಚಿಕ್ಕ ಗುಳಿ ಬೀಳುತ್ತದೆ.

ಒಂದು ಕೊರತೆ ಖಂಡಿತ ಇದೆ. ಫಿಲ್ಲರ್ (ಬೆರೆಸಿದ ಪುಡಿ, ನಾರು) ಹೆಚ್ಚಿರುವ ಎಪಾಕ್ಸಿಯಲ್ಲಿ ಗ್ಲಾಸ್ ಟ್ರಾನ್ಸಿಶನ್ನಿನ ಮೆಟ್ಟಿಲು ಕಾಣಿಸುವುದೇ ಕಷ್ಟ. ವೇಗವನ್ನು 20ಕ್ಕೆ ಏರಿಸಿ, ಅದಕ್ಕೆ ತಕ್ಕ ಕ್ಯಾಲಿಬ್ರೇಶನ್ನಿನೊಂದಿಗೆ ಓಡಿಸಿದರೆ ಸಂಕೇತ ದೊಡ್ಡದಾಗುತ್ತದೆ. ಆಗಲೂ ಕಾಣದಿದ್ದರೆ ಡಿಎಂಎ (ಕಾಯಿಸುತ್ತಾ ವಸ್ತುವಿನ ಬಿಗುವು ಅಳೆಯುವ ಪರೀಕ್ಷೆ) ಕಡೆ ಹೋಗುವುದೇ ಸರಿ.