ಕಾಂಪ್ಲೆಕ್ಸ್ ತಾರಸಿಗೆ ಯಾವ ವಾಟರ್‌ಪ್ರೂಫಿಂಗ್? ಕೋಬಾ, ಡಾಂಬರ್ ಶೀಟ್, ಪಿಯು ಮೂರನ್ನೂ ಹಾಕಿಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಬಾಡಿಗೆಗೆ ಕೊಟ್ಟಿರುವ ಕಟ್ಟಡದ ಮೋಲ್ಡ್ ಮೇಲೆ ಏನು ಹಾಕಿಸಿದರೂ, ಸೋರಿದಾಗ ಎಲ್ಲಿ ಸೋರಿದೆ ಅಂತ ಕಣ್ಣಿಗೆ ಕಾಣಬೇಕು, ಅಷ್ಟೇ ಜಾಗಕ್ಕೆ ತೇಪೆ ಹಾಕೋಕೆ ಆಗಬೇಕು. ಇವೆರಡೂ ಆಗದ ಸಾಮಾನು ಎಷ್ಟೇ ಗಟ್ಟಿ ಇದ್ದರೂ ನನಗೆ ಬೇಡ.

ಯಾಕೆ ಅಂದರೆ ಕಾಂಪ್ಲೆಕ್ಸ್ ತಾರಸಿ ಮನೆ ತಾರಸಿ ಥರ ಅಲ್ಲ. ಎಸಿ ಮೆಕ್ಯಾನಿಕ್ ಬರುತ್ತಾನೆ, ಇಂಟರ್ನೆಟ್ ಕೇಬಲ್‌ನವನು ಬರುತ್ತಾನೆ, ಅಂಗಡಿ ಬೋರ್ಡ್ ಕಟ್ಟುವವರು ಬರುತ್ತಾರೆ, ಎಲ್ಲರ ಕೈಯಲ್ಲೂ ಡ್ರಿಲ್ ಇರುತ್ತದೆ. ತುಮಕೂರಿನಲ್ಲಿ ನಮ್ಮ ಕುಟುಂಬದ ಕಾಂಪ್ಲೆಕ್ಸ್ ಇದೆ, ಅದರ ಉಸ್ತುವಾರಿ ನನ್ನದು. ಒಂದೊಂದು ಭಾಗ ಒಂದೊಂದು ಕಾಲದಲ್ಲಿ ಕಟ್ಟಿದ್ದರಿಂದ ಮೂರು ಬಗೆಯ ವಾಟರ್‌ಪ್ರೂಫಿಂಗ್ ಒಂದೇ ಬಿಸಿಲು ಮಳೆಗೆ ಹೇಗೆ ನಿಲ್ಲುತ್ತವೆ ಅಂತ ಅಕ್ಕಪಕ್ಕದಲ್ಲೇ ನೋಡುವ ಅವಕಾಶ ಸಿಕ್ಕಿತು.

ಹಳೇ ಭಾಗದಲ್ಲಿರುವುದು ಇಟ್ಟಿಗೆ ಚೂರಿನ ಕೋಬಾ. ಇಟ್ಟಿಗೆ ಚೂರನ್ನು ಗಾರೆಯಲ್ಲಿ ಕೂರಿಸಿ, ಪೈಪಿನ ಕಡೆಗೆ ಇಳಿಜಾರು ಮಾಡಿ, ಮೇಲೆ ಸಿಮೆಂಟ್ ತೀಡಿ, ಹಸಿ ಇರುವಾಗಲೇ ದಾರ ಒತ್ತಿ ಚೌಕ ಚೌಕ ಗೆರೆ ಹಾಕಿರುತ್ತಾರಲ್ಲ, ಅದೇ. ಇದರಲ್ಲಿ ಒಳ್ಳೆಯದು ಬಹಳ ಇದೆ. ಕೆಳಗಿನ ಮಹಡಿ ತಂಪಾಗಿರುತ್ತದೆ. ಇಳಿಜಾರು ಅದರಲ್ಲೇ ಬಂದುಬಿಡುತ್ತದೆ. ಮೇಲೆ ಯಾರು ಓಡಾಡಿದರೂ ಏನೂ ಆಗಲ್ಲ. ಆದರೆ ನಾಲ್ಕು ಇಂಚಿನ ಕೋಬಾ ಅಂದರೆ ಚದರ ಅಡಿಗೆ ಸುಮಾರು 15 ಕೆಜಿ ಭಾರ, ಅದರ ಮೇಲೆ ಸೋಲಾರ್, ಟ್ಯಾಂಕ್ ಎಲ್ಲ ಸೇರಿಸಿದರೆ ಇಂಜಿನಿಯರ್‌ನ ಕೇಳದೆ ಮುಂದುವರಿಯಬಾರದು. ಇನ್ನೊಂದು ತೊಂದರೆ ಇದಕ್ಕಿಂತ ದೊಡ್ಡದು. ಮೇಲೆ ಬಿರುಕು ಬಿಟ್ಟರೆ ನೀರು ಇಟ್ಟಿಗೆಯೊಳಗೆ ಇಳಿದು, ಅಡ್ಡ ಹರಿದು, ಸ್ಲ್ಯಾಬಿನಲ್ಲಿ ಎಲ್ಲಿ ದಾರಿ ಸಿಗುತ್ತದೋ ಅಲ್ಲಿ ಕೆಳಗೆ ಬರುತ್ತದೆ. ಬಿರುಕು ನೀರಿನ ಟ್ಯಾಂಕ್ ಹತ್ತಿರ, ಸೋರುವುದು ಆ ಕಡೆ ತುದಿಯಲ್ಲಿರುವ ಕೋಚಿಂಗ್ ಕ್ಲಾಸಿನಲ್ಲಿ! ಇಟ್ಟಿಗೆ ನೀರು ಕುಡಿದಿರುವುದರಿಂದ ಮಳೆ ನಿಂತು ದಿನಗಳಾದರೂ ತೊಟ್ಟಿಕ್ಕುತ್ತಲೇ ಇರುತ್ತದೆ. ಬಾಡಿಗೆದಾರರಿಗೆ ಏನು ಉತ್ತರ ಕೊಡೋದು ಹೇಳಿ.

ಎರಡನೆಯದು ಎಪಿಪಿ ಮೆಂಬ್ರೇನ್, ಅಂದರೆ ಪ್ಲಾಸ್ಟಿಕ್ ಬೆರೆಸಿದ ಡಾಂಬರಿನ ಹಾಳೆ, ನಮ್ಮ ಕಡೆ ಡಾಂಬರ್ ಶೀಟ್ ಅಂತಲೇ ಕರೆಯುತ್ತಾರೆ. ಒಂದು ಮೀಟರ್ ಅಗಲ, ಹತ್ತು ಮೀಟರ್ ಉದ್ದದ ರೋಲ್. 3 ಎಂಎಂ, 4 ಎಂಎಂ ಎರಡೂ ಸಿಗುತ್ತದೆ, 4 ಎಂಎಂ ತಗೊಳ್ಳಿ. ಪ್ರೈಮರ್ ಬಳಿದು, ಗ್ಯಾಸ್ ಟಾರ್ಚ್‌ನಿಂದ ಅಡಿಭಾಗ ಕರಗಿಸುತ್ತಾ ಅಂಟಿಸುತ್ತಾರೆ. ಕೆಲಸ ನಡೆಯುವಾಗ ನೀವು ಮೇಲೇ ಇರಿ. ಒಂದು ಶೀಟ್ ಪಕ್ಕದ ಶೀಟಿನ ಮೇಲೆ ಕನಿಷ್ಠ ನಾಲ್ಕು ಇಂಚು ಹತ್ತಿರಬೇಕು, ಆ ಜಾಯಿಂಟಿನ ಅಂಚಿನಲ್ಲಿ ಕರಗಿದ ಡಾಂಬರು ಸಣ್ಣ ಎಳೆಯಾಗಿ ಉದ್ದಕ್ಕೂ ಹೊರಗೆ ಬಂದಿರಬೇಕು. ಎಳೆ ಕಾಣದ ಕಡೆ ಅದು ಒಳಗೆ ಸರಿಯಾಗಿ ಕರಗಿಲ್ಲ ಅಂತ ಲೆಕ್ಕ, ಅಲ್ಲೇ ಮತ್ತೆ ಬಿಸಿ ಮಾಡಿಸಿ. ಗೋಡೆ ಸೇರುವ ಮೂಲೆಯಲ್ಲಿ ಮೊದಲು ಗಾರೆಯಿಂದ ಗೋಲಾ ಮಾಡಿಸಿ (ಮೂಲೆಯನ್ನು ದುಂಡಗೆ ತುಂಬಿಸಿ), ಶೀಟನ್ನು ಪ್ಯಾರಪೆಟ್ ಮೇಲಕ್ಕೆ ಹತ್ತಿಸಿ, ಗೋಡೆಯಲ್ಲಿ ಗಾಡಿ (ಉದ್ದಕ್ಕೆ ಸಣ್ಣ ಸೀಳು) ಹೊಡೆದು ಅದರೊಳಗೆ ತುದಿ ಸೇರಿಸಿ ಮುಚ್ಚಬೇಕು. ಸುಮ್ನೆ ಗೋಡೆಗೆ ಅಂಟಿಸಿ ಬಿಟ್ಟರೆ ಬಿಸಿಲಿಗೆ ತುದಿ ಬಿಟ್ಟುಕೊಂಡು ಅದರ ಹಿಂದೆಯೇ ನೀರು ಇಳಿಯುತ್ತದೆ.

ಸರಿಯಾಗಿ ಹಾಕಿದರೆ ಶೀಟ್ ನಿಜಕ್ಕೂ ಒಳ್ಳೆಯ ಸಾಮಾನು. ನಮ್ಮಲ್ಲಿ ಅದನ್ನು ಕೆಡಿಸಿದ್ದು ಎಸಿ ಸ್ಟ್ಯಾಂಡಿನ ಬೋಲ್ಟು. ವಾಟರ್‌ಪ್ರೂಫಿಂಗ್ ಮಾಡಿದವರು ಹತ್ತು ವರ್ಷದ ಗ್ಯಾರಂಟಿ ಬರೆದುಕೊಟ್ಟಿದ್ದರು, ಬಂದು ಬೋಲ್ಟ್ ನೋಡಿ "ಡ್ರಿಲ್ ಮಾಡಿದರೆ ಗ್ಯಾರಂಟಿ ಇಲ್ಲ ಸಾರ್, ಪೇಪರಲ್ಲೇ ಇದೆ" ಅಂದರು. ಇರಲಿ, ಅದಕ್ಕೆ ತಕರಾರಿಲ್ಲ. ಆದರೆ ಒಪ್ಪಂದದ ದಿನ ಆ ಮಾತು ಬಾಯಿಬಿಟ್ಟು ಹೇಳಬಹುದಿತ್ತು ಅಲ್ವಾ? ಇನ್ನೊಂದು, ಮಾಮೂಲಿ ಕಪ್ಪು ಶೀಟನ್ನು ಬಿಸಿಲಿಗೆ ಬಿಡೋ ಹಾಗಿಲ್ಲ, ಸಾಮಾನ್ಯವಾಗಿ ಮೇಲೆ ಸ್ಕ್ರೀಡ್ (ಸಿಮೆಂಟ್ ಗಾರೆಯ ಪದರ) ಹಾಕುತ್ತಾರೆ. ಸ್ಕ್ರೀಡ್ ಹಾಕಿದರೆ ಶೀಟ್ ಮುಚ್ಚಿಹೋಗುತ್ತದೆ, ಆಮೇಲೆ ಕೋಬಾದ ಕಥೆಯೇ. ಬಿಸಿಲಿಗೆ ಬಿಡುವುದಾದರೆ ಮೇಲ್ಮೈಯಲ್ಲಿ ಕಲ್ಲಿನ ಹರಳು ಇರುವ ಶೀಟನ್ನೇ ಕೇಳಿ.

ಹೊಸ ಭಾಗಕ್ಕೆ ಪಿಯು, ಅಂದರೆ ಪೇಂಟ್ ಥರ ಬಳಿಯುವ ಪಾಲಿಯುರೆಥೇನ್ ಕೋಟಿಂಗ್ ಮಾಡಿಸಿದೆವು. ಮೂರರಲ್ಲಿ ನನ್ನ ಓಟು ಇದಕ್ಕೆ. ಶೀಟಿಗಿಂತ ದುಬಾರಿ, ಆದರೆ ಜಾಯಿಂಟ್ ಅನ್ನೋದೇ ಇಲ್ಲ. ಎಲ್ಲಾದರೂ ಹರಿದರೆ ಬೆಳ್ಳಗಿನ ಮೇಲ್ಮೈಯಲ್ಲಿ ತಕ್ಷಣ ಕಾಣುತ್ತದೆ. ಉಜ್ಜಿ, ಒರೆಸಿ, ಮೇಲೆ ಅದನ್ನೇ ಬಳಿದರೆ ಮುಗಿಯಿತು. ಬಿಸಿಲನ್ನು ಹಿಂದಕ್ಕೆ ಎಸೆಯುವುದರಿಂದ ಸ್ಲ್ಯಾಬ್ ಕಡಿಮೆ ಕಾಯುತ್ತದೆ. ಇದು ನಮ್ಮ ಕಡೆ ಮುಖ್ಯ, ಏಪ್ರಿಲ್ ಮೇ ತಿಂಗಳಲ್ಲಿ ಮಧ್ಯಾಹ್ನ ಕಾದು ಕೆಂಡವಾದ ಮೋಲ್ಡ್ ಮೇಲೆ ಸಂಜೆ ಆಲಿಕಲ್ಲು ಮಳೆ ಸುರಿದರೆ, ಹಿಗ್ಗಿದ ಕಾಂಕ್ರೀಟ್ ಒಮ್ಮೆಲೇ ಕುಗ್ಗುತ್ತದೆ, ಬಿರುಕು ಬರುವುದು ಹೀಗೆಯೇ. ಪಿಯು ರಬ್ಬರಿನ ಹಾಗೆ ಹಿಗ್ಗುವುದರಿಂದ ಸಣ್ಣ ಬಿರುಕಿನ ಜೊತೆ ತಾನೂ ಎಳೆದುಕೊಳ್ಳುತ್ತದೆ.

ಆದರೆ ಸ್ಲ್ಯಾಬ್ ಪೂರ್ತಿ ಒಣಗಿರಬೇಕು, ಇದರಲ್ಲಿ ರಾಜಿ ಇಲ್ಲ. ತೇವ ಇದ್ದರೆ ಗುಳ್ಳೆ ಏಳುತ್ತದೆ. ಒಂದು ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಾಕಿ ರಾತ್ರಿಯಿಡೀ ಬಿಡಿ, ಬೆಳಗ್ಗೆ ಅಡಿಯಲ್ಲಿ ನೀರಿನ ಹನಿ ಕಂಡರೆ ಅವತ್ತು ಕೆಲಸ ಬೇಡ. ಎರಡು ಸಲ ಬಳಿಯುವ ಕೋಟ್‌ಗೆ ಎರಡು ಬಣ್ಣ ಮಾಡಿಸಿ, ಕೆಳಗೆ ಬೂದಿ, ಮೇಲೆ ಬಿಳಿ. ಬಿಟ್ಟುಹೋದ ಜಾಗ ಆಗಲೇ ಎದ್ದು ಕಾಣುತ್ತದೆ. ಮಳೆಯಲ್ಲಿ ಸ್ವಲ್ಪ ಜಾರುತ್ತದೆ, ಓಡಾಡುವ ದಾರಿಗೆ ಮರಳು ಉದುರಿಸಿ ಬಳಿಸಿ.

ಅಕ್ರಿಲಿಕ್ ಕೋಟಿಂಗ್ ಬಗ್ಗೆ ಕೇಳುವವರು ಜಾಸ್ತಿ. ಅಗ್ಗ, ಬಳಿಯುವುದು ಸುಲಭ, ಇಳಿಜಾರು ಚೆನ್ನಾಗಿದ್ದರೆ ಮನೆಗೆ ಸಾಕು. ನೀರು ನಿಲ್ಲುವ ಕಡೆ ಮೆತ್ತಗಾಗಿ ಎದ್ದು ಬರುತ್ತದೆ. ಅಮೆರಿಕದಲ್ಲಿ ದೊಡ್ಡ ದೊಡ್ಡ ಅಂಗಡಿ, ಗೋದಾಮುಗಳ ಮೇಲೆ ಹಾಸುವ ಟಿಪಿಒ (ಪ್ಲಾಸ್ಟಿಕ್ ಥರದ್ದು), ಇಪಿಡಿಎಂ (ರಬ್ಬರಿನದು) ಶೀಟುಗಳು ಒಳ್ಳೆಯವೇ, ಆದರೆ ಅದನ್ನು ಹಾಕಲು, ನಾಳೆ ರಿಪೇರಿಗೆ ಬರಲು ನಿಮ್ಮೂರಲ್ಲಿ ಜನ ಇದ್ದಾರಾ ನೋಡಿಕೊಂಡು ಮುಂದುವರಿಯಿರಿ.

ಯಾವುದನ್ನೇ ಆರಿಸಿ, ಅದಕ್ಕೂ ಮೊದಲು ಎಸಿ ಯೂನಿಟ್‌ಗಳಿಗೆ ಕಾಂಕ್ರೀಟ್ ಕಟ್ಟೆ ಕಟ್ಟಿಸಿ, ಪೈಪು ವೈರಿಗೆ ದಾರಿ ಬಿಡಿಸಿ. ತಾರಸಿಯಲ್ಲಿ ಡ್ರಿಲ್ ಮಾಡುವಂತಿಲ್ಲ ಅಂತ ಬಾಡಿಗೆ ಕರಾರಿನಲ್ಲೇ ಬರೆಸಿ. ನೂರು ಅಡಿಗೆ ಒಂದು ಅಡಿಯಾದರೂ ಇಳಿಜಾರು ಇರಲಿ. ಕೆಲಸ ಮುಗಿದು ಒಣಗಿದ ಮೇಲೆ ಪೈಪ್ ಬಾಯಿ ಮುಚ್ಚಿ, ಒಂದೆರಡು ಇಂಚು ನೀರು ಎರಡು ದಿನ ನಿಲ್ಲಿಸಿ, ಕೆಳಗಿನ ಸೀಲಿಂಗ್ ನೋಡಿ. ಕೊನೇ ಕಂತಿನ ದುಡ್ಡು ಅದಾದ ಮೇಲೆಯೇ.

ಪಿಯು ಮಾಡಿಸುವವರು ಕೊಟೇಶನ್‌ನಲ್ಲಿ ಎಷ್ಟು ಕೋಟು ಅಂತ ಮಾತ್ರ ನೋಡಬೇಡಿ, ಒಣಗಿದ ಮೇಲೆ ಎಷ್ಟು ಎಂಎಂ ದಪ್ಪ ಅಂತ ಬರೆಸಿ. ಒಂದು ಚದರ ಮೀಟರ್‌ಗೆ ಎಷ್ಟು ಕೆಜಿ ಬೇಕು ಅಂತ ಡಬ್ಬದ ಮೇಲೋ ಕಂಪನಿಯ ಹಾಳೆಯಲ್ಲೋ ಇರುತ್ತದೆ. ಎರಡು ಕೆಜಿ ಅಂತ ಇದ್ದರೆ 2000 ಚದರ ಅಡಿಗೆ 20 ಕೆಜಿಯ ಸುಮಾರು 19 ಡಬ್ಬ ಖಾಲಿಯಾಗಬೇಕು. ನೀವು ಎಣಿಸುವವರೆಗೆ ಖಾಲಿ ಡಬ್ಬ ಒಂದೂ ಗೇಟ್ ದಾಟದ ಹಾಗೆ ನೋಡಿಕೊಳ್ಳಿ.