ಕಾರಿನ ರಿಮೋಟ್ ಕೀಲಿಯ ಬ್ಯಾಟರಿ: ನಾನು ತೆತ್ತ ಎರಡೂವರೆ ಸಾವಿರ

ಕೀಲಿಯ ಬ್ಯಾಟರಿ ಮುಗಿಯುತ್ತಿದೆ ಎಂದು ಡ್ಯಾಶ್‌ಬೋರ್ಡ್ ಮೂರು ವಾರ ಬಡಿದುಕೊಂಡಿತು. ಗುಂಡಿ ಒತ್ತಿದರೆ ಆ ಸಂದೇಶ ಮಾಯವಾಗುತ್ತಿತ್ತು, ನಾನೂ ದಿನಾ ಒತ್ತುತ್ತಿದ್ದೆ. ಬಾಗಿಲು ತೆರೆಯಲು ರಿಮೋಟನ್ನು ಎರಡು ಮೂರು ಸಲ ಅದುಮಬೇಕಾಗಿ ಬಂದಾಗಲೂ ಬುದ್ಧಿ ಬರಲಿಲ್ಲ.

ಅದು ಕೈಕೊಟ್ಟಿದ್ದು ಶೃಂಗೇರಿಯಲ್ಲಿ. ದರ್ಶನ, ಊಟ ಮುಗಿಸಿ ಬಂದರೆ ಜಡಿಮಳೆ. ರಿಮೋಟ್ ಒತ್ತಿದರೆ ಕಾರು ಮಿಸುಕಲಿಲ್ಲ. ಒಂದೇ ಕೊಡೆಯಡಿ ಹೆಂಡತಿ ಮತ್ತು ಅತ್ತೆ, ಹೊರಗೆ ನಾನು. ಯಾರೋ ಹೇಳಿದರೆಂದು ಮೆಕ್ಯಾನಿಕ್ ಒಬ್ಬನನ್ನು ಕರೆಸಿದೆ. ಅವನು ಬಾಗಿಲಿನ ಸಂದಿಗೆ ಬೆಣೆ ಹೊಡೆದು, ಕಂಬಿ ತೂರಿಸಿ ಚಿಲಕ ಎಬ್ಬಿಸಿದ. ಬಾಗಿಲು ತೆರೆಯಿತು, ಜೊತೆಗೆ ಅಲಾರಾಂ ಊಳಿಡತೊಡಗಿತು. ರಬ್ಬರ್ ಪಟ್ಟಿ ಒಂದು ಗೇಣು ಹರಿದು ನೇತಾಡುತ್ತಿತ್ತು. "ಇನ್ನು ಎಳೆದುಕೊಂಡೇ ಹೋಗಬೇಕು ಸರ್" ಎಂದು 2,500 ರೂಪಾಯಿ ಎಣಿಸಿಕೊಂಡು ಹೊರಟ.

ಗದ್ದಲ ಕೇಳಿ ಬಂದ ಜೀಪಿನ ಚಾಲಕರೊಬ್ಬರು, "ಬ್ರೇಕ್ ಒತ್ತಿ ಹಿಡಿದು, ಕೀಲಿಯನ್ನು ಸ್ಟಾರ್ಟ್ ಬಟನ್‌ಗೇ ತಾಗಿಸಿ ಒತ್ತಿ ನೋಡಿ" ಎಂದರು. ಎಂಜಿನ್ ಶುರುವಾಯಿತು, ಅಲಾರಾಂ ಬಾಯಿ ಮುಚ್ಚಿತು. ಕೀಲಿಯೊಳಗಿನ ಚಿಪ್‌ಗೆ ಬ್ಯಾಟರಿಯೇ ಬೇಡವಂತೆ. ತೀರಾ ಹತ್ತಿರ ಹಿಡಿದರೆ ಕಾರಿನೊಳಗಿನ ತಂತಿ ಸುರುಳಿಯಿಂದಲೇ ಶಕ್ತಿ ಪಡೆಯುತ್ತದೆ. ಕೆಲವು ಕಾರುಗಳಲ್ಲಿ ಕೀಲಿ ಹಿಡಿಯುವ ಜಾಗ ಬೇರೆ ಇರುತ್ತದೆ. ಕೈಪಿಡಿಯಲ್ಲಿ ಅದನ್ನು ಮನೆಯಲ್ಲಿದ್ದಾಗಲೇ ನೋಡಿಕೊಳ್ಳಿ, ಮಳೆಯಲ್ಲಿ ನಿಂತಲ್ಲ.

ಆಮೇಲೆ ಅವರು ನನ್ನ ರಿಮೋಟನ್ನೇ ತೆಗೆದುಕೊಂಡು ಪಕ್ಕದ ಸಣ್ಣ ಕೊಂಡಿ ಸರಿಸಿದರು. ಒಳಗಿನಿಂದ ಲೋಹದ ಕೀಲಿ ಜಾರಿ ಬಂತು! ಅದರ ರಂಧ್ರ ಚಾಲಕನ ಬಾಗಿಲಿನ ಹಿಡಿಯ ಪಕ್ಕದಲ್ಲಿ, ಪ್ಲಾಸ್ಟಿಕ್ ಮುಚ್ಚಳದಡಿ ಅಡಗಿತ್ತು. ನಾಲ್ಕು ವರ್ಷ ಆ ಹಿಡಿ ಎಳೆದಿದ್ದೇನೆ, ಒಂದು ದಿನವೂ ಕಂಡಿರಲಿಲ್ಲ. ಅತ್ತೆಯವರು ಏನೂ ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು.

ಪೆದ್ದುತನ ಅಲ್ಲಿಗೇ ನಿಲ್ಲಲಿಲ್ಲ. ನನ್ನ ಕೀಲಿಗೆ ಬೇಕಾದದ್ದು ಸಿಆರ್2032 ಎಂಬ ಬಿಲ್ಲೆಯಾಕಾರದ ಬ್ಯಾಟರಿ. ಅಂಗಡಿಯವರು "ಎರಡೂ ಒಂದೇ" ಎಂದು ಸಿಆರ್2025 ಕೊಟ್ಟರು, ನಾನೂ ತಂದೆ. ಎರಡೂ 3 ವೋಲ್ಟ್, ಎರಡೂ 20 ಮಿಲಿಮೀಟರ್ ಅಗಲ ನಿಜ. ಆದರೆ 2032ರ ದಪ್ಪ 3.2 ಮಿಲಿಮೀಟರ್, 2025ರದು 2.5. ಒಳಗೆ ಸಡಿಲವಾಗಿ ಕುಳಿತು, ಕೀಲಿ ಒಮ್ಮೆ ಕೆಲಸ ಮಾಡಿದರೆ ಇನ್ನೊಮ್ಮೆ ಇಲ್ಲ. ಹಳೆಯದರ ಮೇಲಿನ ಅಂಕಿ ನೋಡಿಯೇ ಕೊಳ್ಳಿ. ತೆಗೆದ ಬಿಲ್ಲೆಯನ್ನು ಮೇಜಿನ ಮೇಲೆ ಬಿಡಬೇಡಿ: ಮಗು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಸುಟ್ಟ ಗಾಯವಾಗಬಹುದು. ನುಂಗಿದ ಅನುಮಾನ ಬಂದರೂ ಸಾಕು, ನೇರ ಆಸ್ಪತ್ರೆಗೆ ಓಡಬೇಕು.

ಮುನ್ನೆಚ್ಚರಿಕೆಗೆಂದು ಇನ್ನೊಂದು 2032 ಕೊಂಡು, ಕಾರಿನೊಳಗಿನ ಖಾನೆಯಲ್ಲಿ ಇಡಲು ಹೋದೆ. ಹೆಂಡತಿ ನನ್ನ ಮುಖವನ್ನೇ ನೋಡಿದಳು. ಈಗ ಅದು ಪೊಟ್ಟಣ ಸಮೇತ ಅವಳ ಕೈಚೀಲದಲ್ಲಿದೆ.