ಲೈಸೆನ್ಸ್ ಬೇಡದ ಏರ್‌ಗನ್ನನ್ನು ನಂಬಿ ಪ್ರಾಣಿ ಹೊಡೆಯಬೇಡಿ: ಮೂಡಿಗೆರೆ ಕಡೆಯ ತೋಟದಲ್ಲಿ ನಡೆದದ್ದು

ತೋಟದ ಮನೆಯಲ್ಲಿ ಹೆಗ್ಗಣ, ಕಬ್ಬೆಕ್ಕು (ಪುನುಗು ಬೆಕ್ಕಿನ ಜಾತಿಯ ಕಾಡುಪ್ರಾಣಿ), ಮಂಗಗಳ ಕಾಟ ತಾಳಲಾರದೆ ಏರ್‌ಗನ್ ಕೊಳ್ಳಲು ಹೊರಟಿರುವವರು ದಯವಿಟ್ಟು ಇದನ್ನು ಓದಿದ ಮೇಲೆ ನಿರ್ಧರಿಸಬೇಕೆಂದು ಕೋರುತ್ತೇನೆ. ಕಳೆದ ಕಾಫಿ ಕೊಯ್ಲಿನ ಕಾಲದಲ್ಲಿ ಮೂಡಿಗೆರೆ ತಾಲ್ಲೂಕಿನ ನನ್ನ ಚಿಕ್ಕಪ್ಪನವರ ಮನೆಯಲ್ಲಿ ಅಂಥ ಬಂದೂಕಿನಿಂದ ಒಂದು ಕಬ್ಬೆಕ್ಕಿಗೆ ಗುಂಡು ಹೊಡೆಯಲಾಯಿತು. ಅದು ಬೀಳಲಿಲ್ಲ, ಆದರೆ ಆ ಗುಂಡಿನಿಂದಲೇ ಹಲವು ದಿನ ನರಳಿ ಕೊನೆಗೆ ಸತ್ತಿತು. ಆ ಮನೆಯವರು ಈಗಲೂ ಅರಣ್ಯ ಇಲಾಖೆಯ ಕಚೇರಿಗೂ ವಕೀಲರ ಬಳಿಗೂ ಓಡಾಡುತ್ತಿದ್ದಾರೆ.

ಚಿಕ್ಕಪ್ಪನವರ ಕಷ್ಟ ಸುಳ್ಳಾಗಿರಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಹಳೆಯ ಹೆಂಚಿನ ಮನೆ. ಅಟ್ಟದಲ್ಲಿ ಕಬ್ಬೆಕ್ಕು ಸೇರಿಕೊಂಡು ರಾತ್ರಿಯಿಡೀ ಓಡಾಡುತ್ತಿತ್ತು, ಅದರ ಉಚ್ಚೆಯಿಂದ ಮುಚ್ಚಿಗೆಯ ಹಲಗೆಗಳು ಕಲೆಗಟ್ಟಿ ನಾರುತ್ತಿದ್ದವು, ಹಣ್ಣಿಗಿಟ್ಟ ಬಾಳೆಗೊನೆ ಒಂದೂ ಉಳಿಯುತ್ತಿರಲಿಲ್ಲ. ಗೋದಾಮಿನಲ್ಲಿ ಹೆಗ್ಗಣಗಳು ಕಾಫಿ ಚೀಲಗಳನ್ನು ಕೊರೆಯುತ್ತಿದ್ದವು. ಅಜ್ಜನ ಹೆಸರಿನಲ್ಲಿದ್ದ ಕೋವಿಯ ಲೈಸೆನ್ಸ್ ಅವರ ಕಾಲಾನಂತರ ಯಾರ ಹೆಸರಿಗೂ ವರ್ಗವಾಗದೆ ಕೋವಿ ಠಾಣೆಯಲ್ಲೇ ಉಳಿದಿತ್ತು. ಇಂಥ ಸ್ಥಿತಿಯಲ್ಲಿ ಚಿಕ್ಕಪ್ಪನ ಮಗ ಪಟ್ಟಣದ ಅಂಗಡಿಯೊಂದರಿಂದ, ಎಳೆದಿಟ್ಟ ಸ್ಪ್ರಿಂಗಿನ ಬಲದಿಂದ ಗಾಳಿ ಒತ್ತಿ ಗುಂಡು ಹಾರಿಸುವ ಸ್ಪ್ರಿಂಗ್ ಏರ್‌ಗನ್ ತಂದ. ಮಾರಿದವರು, "ಲೈಸೆನ್ಸ್ ಬೇಡ ಸಾರ್, ಹಂದಿ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಒಂದೇ ಏಟಿಗೆ ಬೀಳುತ್ತೆ" ಎಂದು ಹೇಳಿ ಕಳುಹಿಸಿದ್ದರಂತೆ. ಅವರೇ ಕೊಟ್ಟ ಬಿಲ್ಲಿನ ಕೆಳಗೆ, ಗುರಿ ಅಭ್ಯಾಸಕ್ಕೆ ಮಾತ್ರ ಎಂದು ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿತ್ತು ಎಂಬುದನ್ನು ಎಲ್ಲ ಮುಗಿದ ಮೇಲೆ ವಕೀಲರು ತೋರಿಸಿಕೊಟ್ಟರು.

ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚಾಗಿದ್ದದ್ದು ಸೆಕೆಂಡಿಗೆ 1000 ಅಡಿ ಎಂಬ ವೇಗ. ಕೊಳ್ಳುವವರು ಮೋಸ ಹೋಗುವುದು ಈ ಸಂಖ್ಯೆಯನ್ನು ನೋಡಿಯೇ ಆದ್ದರಿಂದ ಇದರ ಲೆಕ್ಕವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ನಳಿಗೆಯ ಒಳ ಅಳತೆ 4.5 ಮಿಲಿಮೀಟರ್, ಅಂದರೆ 0.177 ಇಂಚು ಮೀರದ, ಗುಂಡು ನಳಿಗೆಯಿಂದ ಹೊರಬೀಳುವಾಗ 20 ಜೂಲ್‌ಗಿಂತ ಹೆಚ್ಚು ಶಕ್ತಿ ಇಲ್ಲದ ಏರ್‌ಗನ್ನಿಗೆ ಮಾತ್ರ ಲೈಸೆನ್ಸ್ ಬೇಡ. ಈ ಅಳತೆಯ ಸಾಮಾನ್ಯ ಸೀಸದ ಗುಂಡಿನ ತೂಕ ಹೆಚ್ಚುಕಡಿಮೆ ಅರ್ಧ ಗ್ರಾಂ. ಅರ್ಧ ಗ್ರಾಂ ಗುಂಡು ನಿಜವಾಗಿಯೂ ಸೆಕೆಂಡಿಗೆ 1000 ಅಡಿಯ ವೇಗದಲ್ಲಿ ಹೊರಟರೆ ಅದರ ಶಕ್ತಿ 23 ಜೂಲ್ ಆಗುತ್ತದೆ. ಹಾಗಾದರೆ ಒಂದೋ ಆ ಬಂದೂಕಿಗೆ ಲೈಸೆನ್ಸ್ ಬೇಕು, ಇಲ್ಲವೇ ಆ ವೇಗ ಸೀಸದ ಗುಂಡಿನದಲ್ಲ. ಬಹಳಷ್ಟು ಸಲ ಎರಡನೆಯದೇ ನಿಜ: ತೀರ ಹಗುರವಾದ ಮಿಶ್ರಲೋಹದ ಗುಂಡನ್ನು ಹಾಕಿ ಅಳೆದ ವೇಗವನ್ನು ಪೆಟ್ಟಿಗೆಯ ಮೇಲೆ ಹಾಕಿರುತ್ತಾರೆ. ಹಗುರವಾದ ಗುಂಡು ಎಷ್ಟು ಬೇಗ ಹೊರಡುತ್ತದೆಯೋ ಅಷ್ಟೇ ಬೇಗ ಗಾಳಿಯಲ್ಲಿ ವೇಗ ಕಳೆದುಕೊಳ್ಳುತ್ತದೆ. ಸೀಸದ ಗುಂಡೇ ಆದರೂ ನೂರಡಿ ಸಾಗುವಷ್ಟರಲ್ಲಿ ಹೊರಟಾಗ ಇದ್ದ ಶಕ್ತಿಯಲ್ಲಿ ಸುಮಾರು ಮೂರನೆಯ ಒಂದು ಭಾಗ ಅಥವಾ ಅದಕ್ಕೂ ಹೆಚ್ಚನ್ನು ಕಳೆದುಕೊಂಡಿರುತ್ತದೆ. ಇದರ ಮೇಲೆ, ಸ್ಪ್ರಿಂಗ್ ಎಳೆದು ಗಂಟೆಗಟ್ಟಲೆ ಹಾಗೆಯೇ ಇಡುವ ಅಭ್ಯಾಸವಿದ್ದರೆ ಸ್ಪ್ರಿಂಗ್ ಸೋತು, ಇದ್ದ ಶಕ್ತಿಯೂ ಇಳಿಯುತ್ತದೆ.

ಹೋಲಿಕೆಗಾಗಿ ಹೇಳುವುದಾದರೆ, ಒಲಿಂಪಿಕ್ಸ್‌ನಲ್ಲಿ 10 ಮೀಟರ್ ದೂರದ ಕಾಗದಕ್ಕೆ ಗುರಿಯಿಡುವ ಏರ್ ರೈಫಲ್‌ಗಳ ಶಕ್ತಿ ಏಳೆಂಟು ಜೂಲ್, ಮದ್ದು ತುಂಬಿದ .22 ತೋಟಾ ಹಾರಿಸುವ ಸಣ್ಣ ರೈಫಲ್ಲಿನದು ಸುಮಾರು 140 ಜೂಲ್. ನಮ್ಮ ಕಡೆ ಎಲ್ಲರಿಗೂ ಪರಿಚಯವಿರುವ ಹನ್ನೆರಡು ಬೋರಿನ ಕೋವಿಯ ಒಂದು ತೋಟಾದ್ದು ಎರಡು ಸಾವಿರ ಜೂಲ್‌ಗಳ ಆಸುಪಾಸು. ಕೋವಿಯ ಹೊಡೆತ ಕಂಡು ಬೆಳೆದವರು ಏರ್‌ಗನ್ನನ್ನು ಅದರ ತಮ್ಮನೆಂದು ತಿಳಿದುಕೊಳ್ಳುವುದೇ ಈ ಅನಾಹುತಗಳ ಮೂಲವೆಂದು ನನ್ನ ಅನಿಸಿಕೆ. ಏರ್‌ಗನ್ನಿನ ಗುಂಡಿಗೆ ಪ್ರಾಣಿಯನ್ನು ಆಘಾತದಿಂದ ಕೆಡಹುವ ಬಲವಿಲ್ಲ. ಅದು ಸಣ್ಣ ತೂತು ಮಾಡುತ್ತದೆ, ಅಷ್ಟೇ. ಆ ತೂತು ಮಿದುಳನ್ನು ತಲುಪಿದರೆ ಪ್ರಾಣಿ ಕ್ಷಣದಲ್ಲಿ ಸಾಯುತ್ತದೆ. ಹೊಟ್ಟೆಗೋ ಹೆಗಲಿಗೋ ದವಡೆಗೋ ಬಿದ್ದರೆ ಪ್ರಾಣಿ ಓಡಿಹೋಗಿ ಕೀವು ತುಂಬಿ ಸಾಯುತ್ತದೆ.

ಇದಕ್ಕೆ ಪ್ರತಿಯಾಗಿ, ಇಂಗ್ಲೆಂಡಿನಲ್ಲಿ ಏರ್ ರೈಫಲ್‌ನಿಂದಲೇ ಇಲಿ, ಪಾರಿವಾಳ, ಮೊಲಗಳನ್ನು ಹೊಡೆಯುತ್ತಾರಲ್ಲ ಎಂದು ವೀಡಿಯೊ ತೋರಿಸುವವರಿದ್ದಾರೆ. ಅದು ನಿಜವೇ, ಅಲ್ಲಿ ಪ್ರಮಾಣಪತ್ರವಿಲ್ಲದೆ ಇಟ್ಟುಕೊಳ್ಳಬಹುದಾದ ರೈಫಲ್ಲಿನ ಮಿತಿ ಸುಮಾರು 16 ಜೂಲ್, ನಮ್ಮದಕ್ಕಿಂತಲೂ ಕಡಿಮೆ. ಆದರೆ ಅವರು ಹೊಡೆಯುವುದು ಸಣ್ಣ ಪ್ರಾಣಿಗಳನ್ನು, ಹತ್ತಿರದಿಂದ, ದುರ್ಬೀನು ಕೂರಿಸಿ ಆ ದೂರಕ್ಕೆಂದೇ ಹೊಂದಿಸಿಕೊಂಡ ರೈಫಲ್ಲಿನಿಂದ, ತಲೆಗೆ ಮಾತ್ರ. ಒಂದು ರೂಪಾಯಿ ನಾಣ್ಯದಷ್ಟು ಜಾಗಕ್ಕೆ ಪ್ರತಿಸಲವೂ ಗುಂಡು ಕೂರಿಸಲಾಗದ ದೂರದಿಂದ ಅಲ್ಲಿನ ಅನುಭವಿಗಳು ಹೊಡೆಯುವುದಿಲ್ಲ. ಅವರಲ್ಲಿ ಹಲವರು ಬಳಸುವ 5.5 ಮಿಲಿಮೀಟರ್ ಅಳತೆಯ ಬಂದೂಕಿಗೆ ನಮ್ಮಲ್ಲಿ ಲೈಸೆನ್ಸ್ ಬೇಕು. ನಳಿಗೆ ಮಡಚಿ ಎಳೆಯುವ ಅಗ್ಗದ ಸ್ಪ್ರಿಂಗ್ ಬಂದೂಕು ಗುಂಡು ನಳಿಗೆ ಬಿಡುವ ಮೊದಲೇ ಹಿಂದಕ್ಕೂ ಮುಂದಕ್ಕೂ ಅದುರುವುದರಿಂದ ಅದರಲ್ಲಿ ಅಷ್ಟು ಖಚಿತವಾದ ಗುರಿ ಸಾಧಿಸುವುದು ಬಹಳ ಅಭ್ಯಾಸದ ಕೆಲಸ. ಒಂದು ಗುಂಡು ತಪ್ಪಿದರೆ ಮತ್ತೆ ನಳಿಗೆ ಮಡಚಿ ಇನ್ನೊಂದನ್ನು ಹಾಕುವಷ್ಟರಲ್ಲಿ ಗಾಯಗೊಂಡ ಪ್ರಾಣಿ ಕಣ್ಮರೆಯಾಗಿರುತ್ತದೆ.

ನಮ್ಮ ಚಿಕ್ಕಪ್ಪನ ಮಗ ಅನನುಭವಿ ಆಗಿರಲಿಲ್ಲ. ಕಾಫಿ ಕಣದಲ್ಲಿ ಡಬ್ಬ ನಿಲ್ಲಿಸಿ ಹೊಡೆಯುವುದರಲ್ಲಿ ಅವನ ಕೈ ಚೆನ್ನಾಗಿ ಪಳಗಿತ್ತು. ಗೋದಾಮಿನಲ್ಲಿ ಹತ್ತಿರದಿಂದ ಕೆಲವು ಇಲಿಗಳನ್ನು ಹೊಡೆದೂ ಇದ್ದ. ಆದರೆ ಅಲ್ಲಿ ಬಲಿತ ಹೆಗ್ಗಣಗಳಲ್ಲಿ ಎಲ್ಲವೂ ಬಿದ್ದಲ್ಲೇ ಸಾಯಲಿಲ್ಲ, ಕೆಲವು ಬಿಲ ಸೇರಿಕೊಂಡು ಆಮೇಲೆ ನಾರಿದವು. ಆ ಸೂಚನೆಯನ್ನು ಮನೆಯಲ್ಲಿ ಯಾರೂ ಗಮನಿಸಲಿಲ್ಲ. ಒಂದು ರಾತ್ರಿ ಅಟ್ಟದ ತೊಲೆಯ ಮೇಲೆ ಟಾರ್ಚ್ ಬೆಳಕಿಗೆ ಕಬ್ಬೆಕ್ಕಿನ ಕಣ್ಣು ಹೊಳೆದಾಗ, ಕೆಳಗಿನಿಂದ ಓರೆಯಾಗಿ ಅವನು ಹಾರಿಸಿದ ಗುಂಡು ಅದರ ಹೆಗಲಿಗೆ ತಗಲಿತು. ಮೂರು ನಾಲ್ಕು ಕಿಲೋ ತೂಗುವ, ದಪ್ಪ ಚರ್ಮದ, ಗಟ್ಟಿ ಸ್ನಾಯುವಿನ ಪ್ರಾಣಿ ಅದು. ಕಿರುಚಿಕೊಂಡು ಹೆಂಚಿನ ಸಂದಿಯಿಂದ ಹೊರಗೆ ಹಾರಿತು. ಬೆಳಿಗ್ಗೆ ತೊಲೆಯ ಮೇಲೆ ರಕ್ತ ಕಂಡಿತೇ ಹೊರತು ಪ್ರಾಣಿ ಎಲ್ಲೂ ಸಿಗಲಿಲ್ಲ.

ಹಲವು ದಿನಗಳಾದ ಮೇಲೆ ಕೊಯ್ಲಿಗೆ ಬಂದಿದ್ದ ಹೆಣ್ಣಾಳುಗಳು ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್ ಮನೆಯ ಹಿಂದೆ ಅದನ್ನು ಕಂಡರು. ಮುಂಗಾಲು ಊದಿ, ಗಾಯದಲ್ಲಿ ಹುಳು ಬಿದ್ದು, ಏಳಲಾರದೆ ಮಲಗಿತ್ತು. ಸುದ್ದಿ ಅರಣ್ಯ ಇಲಾಖೆಗೆ ಹೋಯಿತು; ಸಿಬ್ಬಂದಿ ಬಂದರು, ಪಶುವೈದ್ಯರನ್ನು ಕರೆಸಿದರು. ವೈದ್ಯರು ಹೆಗಲ ಮೂಳೆಯ ಪಕ್ಕದಿಂದ ಚಪ್ಪಟೆಯಾದ ಸೀಸದ ಗುಂಡನ್ನು ತೆಗೆದರಾದರೂ ನಂಜು ಮೈಗೆಲ್ಲ ಏರಿದ್ದರಿಂದ ಪ್ರಾಣಿ ಉಳಿಯಲಿಲ್ಲ. ಬಂದೂಕನ್ನು ವಶಕ್ಕೆ ತೆಗೆದುಕೊಂಡು ಹೇಳಿಕೆ ಬರೆಸಿಕೊಂಡರು. "ನಾವು ಕೊಂದಿಲ್ಲ, ಅದು ಓಡಿಹೋಗಿತ್ತು" ಎಂದು ಚಿಕ್ಕಪ್ಪನವರು ಹೇಳಿದ್ದರಿಂದ ಪ್ರಯೋಜನವೇನೂ ಆಗಲಿಲ್ಲ, ಏಕೆಂದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಎಂದರೆ ಕೊಲ್ಲುವುದು ಮಾತ್ರವಲ್ಲ. ಗಾಯಗೊಳಿಸುವುದು, ಹಿಡಿಯುವುದು, ಹಿಡಿಯಲು ಪ್ರಯತ್ನಿಸುವುದು ಎಲ್ಲವೂ ಅದರೊಳಗೆ ಬರುತ್ತವೆ. ಕಬ್ಬೆಕ್ಕು ಕಾಯ್ದೆಯ ರಕ್ಷಣೆಯಲ್ಲಿರುವ ಪ್ರಾಣಿ. 2022ರ ತಿದ್ದುಪಡಿಯ ನಂತರ ಸಾಮಾನ್ಯ ಅಪರಾಧಕ್ಕೂ ಮೂರು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಹೆಚ್ಚಿನ ರಕ್ಷಣೆಯ ಪ್ರಾಣಿಗಳ ಪಟ್ಟಿಯಾದ ಮೊದಲನೆಯ ಅನುಸೂಚಿಯ ಪ್ರಾಣಿಯಾದರೆ ಮೂರು ವರ್ಷವೇ ಕನಿಷ್ಠ ಶಿಕ್ಷೆ. ಕಾಗೆ, ಬಾವಲಿ, ಇಲಿಗಳನ್ನು ಪೀಡೆಗಳೆಂದು ಪಟ್ಟಿ ಮಾಡಿದ್ದ ಹಳೆಯ ಐದನೆಯ ಅನುಸೂಚಿಯನ್ನೂ ಅದೇ ತಿದ್ದುಪಡಿ ತೆಗೆದುಹಾಕಿದೆ. ಆದ್ದರಿಂದ ಬಾವಲಿ ಹೊಡೆದರೆ ಕೇಸಿಲ್ಲ ಎಂಬ ಹಳೆಯ ಮಾತನ್ನು ನಂಬಿಕೊಂಡು ಕೂರುವಂತಿಲ್ಲ.

ಮಂಗಗಳ ವಿಷಯವನ್ನು ಪ್ರತ್ಯೇಕವಾಗಿ ಹೇಳಲೇಬೇಕು, ಏಕೆಂದರೆ ನಮ್ಮ ಜಿಲ್ಲೆಯಲ್ಲಿ ಏರ್‌ಗನ್ ಕೊಳ್ಳುವವರಲ್ಲಿ ಹೆಚ್ಚಿನವರ ಮನಸ್ಸಿನಲ್ಲಿರುವುದು ಮಂಗಗಳೇ. ಹೆದರಿಸಿ ಓಡಿಸಲು ಮಾತ್ರ ಎಂದು ಹೇಳುತ್ತಲೇ ಹಿಂಡಿನ ಮೇಲೆ ಗುಂಡು ಹಾರಿಸುತ್ತಾರೆ. ಮಂಗನ ಮೈಗೆ ಬಿದ್ದ ಗುಂಡು ಅದನ್ನು ಸಾಮಾನ್ಯವಾಗಿ ತಕ್ಷಣ ಕೊಲ್ಲುವುದಿಲ್ಲ, ಒಳಗೇ ಉಳಿಯುತ್ತದೆ. ಕಣ್ಣಿಗೆ ಬಿದ್ದರೆ ಕಣ್ಣು ಹೋಗುತ್ತದೆ. ಗಾಯಗೊಂಡದ್ದು ತೋಟದ ಯಾವುದೋ ಮೂಲೆಯಲ್ಲಿ ಸಾಯುತ್ತದೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯವರಿಗೆ ಮಂಗನ ಕಾಯಿಲೆಯ ಬಗ್ಗೆ ವಿವರಿಸಬೇಕಾಗಿಲ್ಲ: 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ಜ್ವರ ಉಣುಗುಗಳಿಂದ ಹರಡುತ್ತದೆ, ಸೋಂಕು ತಗಲಿದ ಮಂಗ ಸತ್ತಾಗ ಅದರ ಮೈಯಲ್ಲಿದ್ದ ಉಣುಗುಗಳು ಸುತ್ತಲಿನ ನೆಲಕ್ಕೆ ಇಳಿಯುತ್ತವೆ. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಬೇಕು ಎಂದು ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದು ಹೇಳಿ ಹೋಗುವ ಊರುಗಳಲ್ಲಿ, ಮಂಗಗಳು ಕಾಣದ ಜಾಗದಲ್ಲಿ ಸಾಯುವಂತೆ ನಾವೇ ಮಾಡುವುದು ಎಷ್ಟು ಸರಿ?

ಹಾಗಾದರೆ ಏರ್‌ಗನ್ನಿನಿಂದ ಯಾವುದನ್ನೂ ನೋವಿಲ್ಲದೆ ಕೊಲ್ಲಲಾಗದೇ ಎಂದು ಕೇಳಿದರೆ, ನನ್ನ ಉತ್ತರ ಇಷ್ಟು: ಒಳ್ಳೆಯ ಸ್ಥಿತಿಯಲ್ಲಿರುವ ಬಂದೂಕು, ಹತ್ತು ಹದಿನೈದು ಅಡಿಯ ದೂರ, ನಿಂತಲ್ಲೇ ನಿಂತ ಇಲಿ, ತಲೆಗೇ ಬೀಳುವ ಗುಂಡು, ಇವೆಲ್ಲ ಒಟ್ಟಿಗೆ ಕೂಡಿ ಬಂದರೆ ಆದೀತು. ಗೋದಾಮಿನಲ್ಲಿ ಅದೂ ಅಪಾಯವೇ, ಕಲ್ಲಿನ ಗೋಡೆಗೆ ಬಡಿದ ಗುಂಡು ಹಿಂದಕ್ಕೆ ಸಿಡಿಯುತ್ತದೆ. ಒಂದು ಸ್ಪ್ರಿಂಗ್ ಇಲಿಬೋನು ಈ ಕೆಲಸವನ್ನು ಹೆಚ್ಚು ಖಚಿತವಾಗಿ ಮಾಡುತ್ತದೆ. ಕಬ್ಬೆಕ್ಕಿಗೆ ಬಂದೂಕಿನ ಅಗತ್ಯವೇ ಇಲ್ಲ. ಅದು ರಾತ್ರಿ ಸಂಚಾರಿ. ಅಟ್ಟದಲ್ಲಿ ಮರಿಗಳಿಲ್ಲವೆಂದು ಖಾತ್ರಿ ಮಾಡಿಕೊಂಡು, ಕತ್ತಲಾಗಿ ಅದು ಹೊರಗೆ ಹೋದ ಮೇಲೆ ಸಂದಿಗಳಿಗೆ ಕಬ್ಬಿಣದ ಜಾಲರಿ ಹೊಡೆದು, ಮಾಡಿಗೆ ತಾಗುವ ಕೊಂಬೆಗಳನ್ನು ಕಡಿದರೆ ಮತ್ತೆ ಬರುವುದಿಲ್ಲ. ಮರಿಗಳಿದ್ದರೆ ಅವು ದೊಡ್ಡವಾಗಿ ಹೋಗುವವರೆಗೆ ಕಾಯಬೇಕು, ಇಲ್ಲವೇ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಬೇಕು. ಚಿಕ್ಕಪ್ಪನವರ ಮನೆಯ ಅಟ್ಟಕ್ಕೆ ಈಗ ಜಾಲರಿ ಹೊಡೆಸಿದ್ದಾರೆ. ಅದಕ್ಕೆ ತಗಲಿದ ಖರ್ಚು ಬಂದೂಕಿನ ಬೆಲೆಗಿಂತ ಕಡಿಮೆ.

ಈಗಾಗಲೇ ಕೊಂಡಿರುವವರು ಅದನ್ನು ಬೀಗ ಹಾಕಿದ ಕಪಾಟಿನಲ್ಲಿ ಮಕ್ಕಳ ಕೈಗೆ ಸಿಗದಂತೆ, ಸ್ಪ್ರಿಂಗ್ ಎಳೆಯದೆ, ಗುಂಡು ಹಾಕದೆ ಇಡಬೇಕು. ಭದ್ರಾ ಅಭಯಾರಣ್ಯದಂಥ ಸಂರಕ್ಷಿತ ಕಾಡಿನೊಳಗೆ ಹಾದು ಹೋಗುವಾಗ ವಾಹನದಲ್ಲಿ ಇಟ್ಟುಕೊಳ್ಳಲೇಬಾರದು, ಅನುಮತಿಯಿಲ್ಲದೆ ಆಯುಧದೊಂದಿಗೆ ಅಲ್ಲಿಗೆ ಪ್ರವೇಶಿಸುವುದೇ ಅಪರಾಧ. ಗುರಿ ಅಭ್ಯಾಸ ಮಾಡುವುದಾದರೆ ಗುರಿಯ ಹಿಂದೆ ಮಣ್ಣು ತುಂಬಿದ ಚೀಲಗಳನ್ನು ಒಟ್ಟಿ, ಆಳುಗಳು ಓಡಾಡದ ದಿಕ್ಕಿಗೆ ಮಾತ್ರ ಹಾರಿಸಬೇಕು.